ಮೊದಲು ಬೆಟ್ಟ, ಆಮೇಲೆ ಸಮುದ್ರ

ಚಿಕ್ಕಬಳ್ಳಾಪುರಕ್ಕೆ ವಿಮಾನ ನಿಲ್ದಾಣ ಹತ್ತಿರ. ಅದಕ್ಕೇ ಇರಬಹುದು, ಈಗ ನಮ್ಮ ಕಡೆಯವರು ಶ್ರೀಲಂಕಾ, ಬಾಲಿ, ಮಲೇಷ್ಯಾ ಅಂತ ಧೈರ್ಯವಾಗಿ ಹೊರಡುತ್ತಾರೆ. ಬರೀ ಊರು ಸುತ್ತಿ ಬಂದರೆ ಅವರಿಗೆ ಸಮಾಧಾನವಿಲ್ಲ. ಅಲ್ಲಿನ ರಾಷ್ಟ್ರೀಯ ಉದ್ಯಾನಗಳಿಗೆ ಹೋಗಬೇಕು, ಬೆಟ್ಟ ಹತ್ತಬೇಕು, ಸಮುದ್ರದಲ್ಲಿ ಮುಳುಗಿ ಹವಳ ನೋಡಬೇಕು. ನನಗಂತೂ ಇದು ಖುಷಿ ಕೊಡುವ ವಿಷಯ. ಹೊರಡುವ ಮುಂಚೆ ಕ್ಲಿನಿಕ್‌ಗೆ ಬಂದು "ಯಾವ ಇಂಜೆಕ್ಷನ್ ತಗೋಬೇಕು ಡಾಕ್ಟ್ರೇ?" ಅಂತ ಕೇಳುತ್ತಾರೆ. ಅದನ್ನು ಆಮೇಲೆ ನೋಡೋಣ, ಮೊದಲು ಟೂರಿನ ಪಟ್ಟಿ ತೋರಿಸಿ ಅನ್ನುತ್ತೇನೆ. ಯಾವ ರಾತ್ರಿ ಎಲ್ಲಿ ಮಲಗುತ್ತೀರಿ, ಆ ಜಾಗ ಎಷ್ಟು ಎತ್ತರ, ಯಾವ ದಿನ ನೀರಿಗೆ ಇಳಿಯುತ್ತೀರಿ, ಯಾವ ದಿನ ವಿಮಾನ. ಅಪಾಯ ಇರುವುದು ಹೆಚ್ಚಾಗಿ ಆ ಪಟ್ಟಿಯಲ್ಲೇ.

ಲೊಂಬೊಕ್ ದ್ವೀಪವನ್ನೇ ತಗೊಳ್ಳಿ. ಬಾಲಿ ಪಕ್ಕದ್ದು. ಅಲ್ಲಿ ಗುನುಂಗ್ ರಿಂಜಾನಿ ರಾಷ್ಟ್ರೀಯ ಉದ್ಯಾನ ಇದೆ, 3,726 ಮೀಟರ್ ಎತ್ತರದ ಜ್ವಾಲಾಮುಖಿ. ದಡದಿಂದ ಸ್ವಲ್ಪ ದೂರದಲ್ಲಿ ಗಿಲಿ ಅನ್ನುವ ಪುಟ್ಟ ದ್ವೀಪಗಳಿವೆ, ಸ್ಕೂಬಾ ಡೈವಿಂಗ್‌ಗೆ ಹೆಸರಾದವು. ಮೊದಲು ಎರಡು ದಿನ ಆರಾಮಾಗಿ ಸಮುದ್ರ, ಆಮೇಲೆ ಬೆಟ್ಟ ಅಂತ ಪಟ್ಟಿ ಮಾಡುವುದು ಸಹಜ ಅಲ್ವಾ? ದೇಹಕ್ಕೆ ಮಾತ್ರ ಆ ಕ್ರಮ ಒಳ್ಳೆಯದಲ್ಲ.

ನೀರಿನಾಳದಲ್ಲಿ ಒತ್ತಡ ಜಾಸ್ತಿ. ಸಿಲಿಂಡರ್‌ನಿಂದ ಉಸಿರಾಡುವ ಗಾಳಿಯಲ್ಲಿರುವ ಸಾರಜನಕ ಆ ಒತ್ತಡಕ್ಕೆ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಕರಗಿ ಕೂರುತ್ತದೆ. ಮೇಲೆ ಬಂದ ಮೇಲೂ ಅದು ಪೂರ್ತಿ ಹೊರಗೆ ಹೋಗಲು ಗಂಟೆಗಟ್ಟಲೆ ಬೇಕು. ಅಷ್ಟರೊಳಗೆ ನೀವು ಎತ್ತರಕ್ಕೆ ಹೋದರೆ, ಅಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ, ಉಳಿದ ಸಾರಜನಕ ಗುಳ್ಳೆಗಳಾಗಿ ಹೊರಬರುತ್ತದೆ. ಆಗ ಕೀಲುನೋವು, ಮರಗಟ್ಟುವಿಕೆ, ಕೆಲವರಿಗೆ ಲಕ್ವ ಹೊಡೆದ ಹಾಗೆ ಕಾಲಿನ ಬಲವೇ ಹೋಗುತ್ತದೆ. ಒಂದೇ ಸಲ ಡೈವ್ ಮಾಡಿದ್ದರೆ ವಿಮಾನ ಹತ್ತುವ ಮುಂಚೆ ಕನಿಷ್ಠ 12 ಗಂಟೆ, ಹಲವು ಸಲ ಮಾಡಿದ್ದರೆ ಕನಿಷ್ಠ 18 ಗಂಟೆ ಬಿಡಬೇಕು ಅನ್ನುವುದು ಡೈವಿಂಗ್ ವೈದ್ಯರ ಲೆಕ್ಕ. ನಾನು ಸುಮ್ನೆ ಒಂದು ಪೂರ್ತಿ ದಿನ ಬಿಡಿ ಅನ್ನುತ್ತೇನೆ. ಬರೀ ಮುಖವಾಡ ಹಾಕಿಕೊಂಡು ನೀರಿನ ಮೇಲೆ ತೇಲುತ್ತಾ ನೋಡುವ ಸ್ನಾರ್ಕೆಲಿಂಗ್‌ಗೆ ಈ ಚಿಂತೆ ಇಲ್ಲ.

ವಿಮಾನದ ವಿಷಯ ಡೈವಿಂಗ್ ಹೇಳಿಕೊಡುವವರೇ ಹೇಳುತ್ತಾರೆ. ಬೆಟ್ಟದ ರಸ್ತೆ ನೆನಪಾಗುವುದು ಕಡಿಮೆ. ಹವಾಯಿಯ ಮಾವಿ ದ್ವೀಪದಲ್ಲಿ ಹಾಲೆಅಕಲಾ ರಾಷ್ಟ್ರೀಯ ಉದ್ಯಾನ ಇದೆ. ಕಡಲ ದಂಡೆಯಿಂದ ಕಾರಿನಲ್ಲಿ ಕೂತರೆ ಸುಮಾರು ಎರಡು ಗಂಟೆಯಲ್ಲಿ 3,055 ಮೀಟರ್ ಎತ್ತರದ ತುದಿಯಲ್ಲಿರುತ್ತೀರಿ. ವಿಮಾನದ ಒಳಗಿನ ಒತ್ತಡವನ್ನು ಸುಮಾರು 2,400 ಮೀಟರ್ ಎತ್ತರದ ಗಾಳಿಗಿಂತ ಕೆಳಗೆ ಇಳಿಯದಂತೆ ಕಾಯ್ದಿರುತ್ತಾರೆ. ಅಂದರೆ ಆ ಕಾರಿನ ಪ್ರಯಾಣ ದೇಹಕ್ಕೆ ವಿಮಾನಕ್ಕಿಂತ ಕಠಿಣ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಮೊದಲು ಬೆಟ್ಟ ಮುಗಿಸಿ, ಆಮೇಲೆ ಸಮುದ್ರಕ್ಕೆ ಇಳಿಯಿರಿ, ಕೊನೆಯ ದಿನ ನೀರು ಮುಟ್ಟದೆ ಊರು ಸುತ್ತಿ ವಿಮಾನ ಹತ್ತಿ. ಟೂರ್ ಮಾಡಿಸುವವರು ಹೋಟೆಲ್ ಸಿಕ್ಕ ಹಾಗೆ ಪಟ್ಟಿ ಹೆಣೆದಿರುತ್ತಾರೆ. ಕೇಳಿದರೆ ಬದಲಾಯಿಸಿ ಕೊಡುತ್ತಾರೆ. ರಿಂಜಾನಿಯನ್ನು ಮಳೆಗಾಲದಲ್ಲಿ, ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ, ಮುಚ್ಚುತ್ತಾರೆ. ರಜೆ ಹಾಕುವ ಮುಂಚೆ ಅದನ್ನೂ ನೋಡಿಕೊಳ್ಳಿ.

ಇನ್ನು ಎತ್ತರ. ನಮಗೆ ಬೆಟ್ಟ ಅಂದರೆ ನಂದಿ, 1,478 ಮೀಟರ್. ಮಲೇಷ್ಯಾದ ಸಬಾದಲ್ಲಿರುವ ಕಿನಾಬಾಲು 4,095 ಮೀಟರ್. ಹತ್ತಲು ಶುರು ಮಾಡುವ ತಿಂಪೊಹೊನ್ ಗೇಟೇ ನಂದಿಯ ತುದಿಗಿಂತ ಮೇಲಿದೆ, 1,866 ಮೀಟರ್. ಮೊದಲ ದಿನ ಸಂಜೆಗೆ 3,200 ಮೀಟರ್ ದಾಟಿ ಮಲಗುತ್ತೀರಿ, ರಾತ್ರಿ ಎರಡು ಮೂರು ಗಂಟೆಗೆ ಎದ್ದು ಬರಿಯ ಗ್ರಾನೈಟ್ ಬಂಡೆಯ ಮೇಲೆ ಹಗ್ಗ ಹಿಡಿದು ತುದಿಗೆ ಹೋಗುತ್ತೀರಿ. ಹಿಂದಿನ ರಾತ್ರಿ ಸಮುದ್ರದ ಮಟ್ಟದ ಕೋಟ ಕಿನಾಬಾಲು ಊರಿನಲ್ಲಿ ಮಲಗಿದ್ದವರಿಗೆ ಇದು ತುಂಬಾ ಅವಸರ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಬಾರದು ಅನ್ನುವುದು ನಾವು ಪಾಲಿಸುವ ನಿಯಮ. ಎರಡು ದಿನದ ಹತ್ತುವಿಕೆಯಲ್ಲಿ ಅಷ್ಟು ನಿಧಾನಕ್ಕೆ ಜಾಗವೇ ಇಲ್ಲ. ಕಡೇಪಕ್ಷ ಉದ್ಯಾನದ ಮುಖ್ಯ ಕಚೇರಿಯ ಹತ್ತಿರ, ಹೆಚ್ಚುಕಡಿಮೆ ನಂದಿಯಷ್ಟೇ ಎತ್ತರದಲ್ಲಿ, ಮೊದಲೇ ಒಂದೆರಡು ರಾತ್ರಿ ಕಳೆಯಿರಿ. ಅಲ್ಲಿನ ಕಾಡಿನಲ್ಲಿ ಸುಮ್ಮನೆ ಅಡ್ಡಾಡುವುದೇ ಒಂದು ಭಾಗ್ಯ, ಹೂಜಿ ಗಿಡಗಳು, ಆರ್ಕಿಡ್‌ಗಳು, ಎಷ್ಟು ನೋಡಿದರೂ ಸಾಲದು.

ತಾಂಜಾನಿಯಾದ ಕಿಲಿಮಂಜಾರೋ 5,895 ಮೀಟರ್. ಅಲ್ಲಿ ಉದ್ಯಾನದ ಶುಲ್ಕ ದಿನದ ಲೆಕ್ಕದಲ್ಲಿ. ಹಾಗಾಗಿ ಐದು ದಿನದ ಪ್ಯಾಕೇಜ್ ಅಗ್ಗ, ಎಂಟು ದಿನದ್ದು ದುಬಾರಿ. ದಯವಿಟ್ಟು ದುಡ್ಡು ಬೇರೆ ಕಡೆ ಉಳಿಸಿ.

ಎತ್ತರದ ಕಾಯಿಲೆ ತಲೆನೋವಿನಿಂದ ಶುರುವಾಗುತ್ತದೆ. ಜೊತೆಗೆ ಓಕರಿಕೆ, ಸುಸ್ತು, ನಿದ್ದೆ ಬಾರದಿರುವುದು. ಅಷ್ಟಿದ್ದರೆ ಇರುವಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಕೂತಲ್ಲೇ ಏದುಸಿರು ಬಂದರೆ, ಕೆಮ್ಮು ಜಾಸ್ತಿಯಾದರೆ, ಮಾತು ತೊದಲಿದರೆ, ಒಂದು ಹಿಮ್ಮಡಿಗೆ ಇನ್ನೊಂದು ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಆಗದಿದ್ದರೆ, ರಾತ್ರಿಯಾಗಲಿ ಮಳೆಯಾಗಲಿ ಆ ಕ್ಷಣವೇ ಕೆಳಗಿಳಿಸಬೇಕು. ಅಸೆಟಜೋಲಮೈಡ್ ಮಾತ್ರೆ ಮುನ್ನೆಚ್ಚರಿಕೆಗೆ ಸಹಾಯ ಮಾಡುತ್ತದೆ, ಹತ್ತುವ ಹಿಂದಿನ ದಿನವೇ ಶುರು ಮಾಡಬೇಕು. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರ ಜಾಸ್ತಿ ಬರುತ್ತದೆ, ಗಾಬರಿ ಬೇಡ. ಸಲ್ಫಾ ಅಲರ್ಜಿ ಇರುವವರು, ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಅಂಗಡಿಯಿಂದ ತಾವೇ ತಂದು ನುಂಗಬಾರದು.

ಉಷ್ಣವಲಯ ಅಂದ ಕೂಡಲೇ ಜನ ಹತ್ತಿ ಬಟ್ಟೆ ತುಂಬಿಕೊಳ್ಳುತ್ತಾರೆ. ಪ್ರತಿ 1,000 ಮೀಟರ್‌ಗೆ ಸುಮಾರು 6 ಡಿಗ್ರಿ ತಾಪ ಇಳಿಯುತ್ತದೆ. ಕೆಳಗೆ 30 ಡಿಗ್ರಿ ಇದ್ದ ದಿನವೇ ಕಿನಾಬಾಲು ತುದಿಯಲ್ಲಿ ಬೆಳಗಿನ ಜಾವ ಸೊನ್ನೆಯ ಹತ್ತಿರ ಬರಬಹುದು, ಮೇಲೆ ಗಾಳಿ, ಮಳೆ. ಒದ್ದೆಯಾದ ಹತ್ತಿ ಬನಿಯನ್ ಅಲ್ಲಿ ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಬೇಗ ಒಣಗುವ ಒಳಉಡುಪು, ಉಣ್ಣೆ, ಮಳೆ ತಡೆಯುವ ಅಂಗಿ ಬೇಕು.

ಇತ್ತೀಚೆಗೆ ಶಿಡ್ಲಘಟ್ಟದ ಕಡೆಯಿಂದ ಒಬ್ಬರು ಬಂದಿದ್ದರು. ರೇಷ್ಮೆ ಕೆಲಸ, ಹಳೆಯ ಸಕ್ಕರೆ ಕಾಯಿಲೆ, ಹೊಸ ಟ್ರೆಕ್ಕಿಂಗ್ ಶೂ. ಶೂ ಒಳಗೆ ಕೈ ಹಾಕಿ ನೋಡಿದೆ, ಕಿರುಬೆರಳು ಬರುವ ಜಾಗದಲ್ಲಿ ಹೊಲಿಗೆ ಗಟ್ಟಿಯಾಗಿ ಉಬ್ಬಿತ್ತು. ಆಮೇಲೆ ಅವರ ಕಣ್ಣು ಮುಚ್ಚಿಸಿ ಪಾದಕ್ಕೆ ನೈಲಾನ್ ಎಳೆ ಒತ್ತಿದೆ. ಹಿಮ್ಮಡಿಯಲ್ಲಿ ಗೊತ್ತಾಯಿತು, ಕಿರುಬೆರಳಲ್ಲಿ ಗೊತ್ತಾಗಲಿಲ್ಲ. ಆ ಹೊಲಿಗೆ ಉಜ್ಜಿ ಗಾಯವಾದರೂ ಅವರಿಗೆ ತಿಳಿಯುವುದೇ ಇಲ್ಲ! ಶೂ ಬದಲಾಯಿಸಿದರು. ಕಿಲಿಮಂಜಾರೋ ಬಿಟ್ಟು ಶ್ರೀಲಂಕಾದ ಹಾರ್ಟನ್ ಪ್ಲೇನ್ಸ್‌ಗೆ ಹೋಗಿ ಬಂದರು. ಅದು 2,100 ಮೀಟರ್ ದಾಟಿದ ಹುಲ್ಲುಗಾವಲು, ಸುಮಾರು ಒಂಬತ್ತು ಕಿಲೋಮೀಟರ್ ಸುತ್ತು. ಬೆಳಗ್ಗೆ ಬೇಗ ಹೋದರೆ ವರ್ಲ್ಡ್ಸ್ ಎಂಡ್ ಪ್ರಪಾತ ಕಾಣುತ್ತದೆ, ಹೊತ್ತೇರಿದರೆ ಮಂಜು ಮುಚ್ಚುತ್ತದೆ. ದಿನಾ ಸಂಜೆ ಪಾದ ನೋಡಿಕೊಂಡು ಫೋಟೊ ಕಳಿಸುತ್ತಿದ್ದರು. ಇನ್ಸುಲಿನ್ ತಗೊಳ್ಳುವವರು ಇನ್ನೂ ಎತ್ತರಕ್ಕೆ ಹೋಗುವುದಾದರೆ ಅದನ್ನು ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳಬೇಕು, ಒಮ್ಮೆ ಹೆಪ್ಪುಗಟ್ಟಿದರೆ ಬಿಸಾಡಬೇಕಾಗುತ್ತದೆ.

ತಯಾರಿಗೆ ನಮಗೆ ನಂದಿಯ ಮೆಟ್ಟಿಲು ಇದೆ, ಸ್ಕಂದಗಿರಿ ಇದೆ. ಬೆಟ್ಟ ಹತ್ತಿದ ಮೇಲೆ ಬಸ್ಸಿನಲ್ಲಿ ವಾಪಸ್ ಬರಬೇಡಿ, ನಡೆದೇ ಇಳಿಯಿರಿ. ಮಂಡಿ ಕೈಕೊಡುವುದು ಇಳಿಯುವಾಗ.

ಈಗ ಇಂಜೆಕ್ಷನ್. ಮೌಂಟ್ ಕೀನ್ಯಾ, ಉಗಾಂಡಾದ ರ್ವೆಂಜೋರಿ ಕಡೆ ಹೋಗುವವರಿಗೆ ಹಳದಿ ಜ್ವರದ ಲಸಿಕೆ ಬೇಕು. ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಹಾಕಿಸಿದ 10 ದಿನದ ಮೇಲೆ ಆ ಕಾರ್ಡಿಗೆ ಬೆಲೆ. ಕಾರ್ಡ್ ಇಲ್ಲದೆ ಅಲ್ಲಿಂದ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಗಿ ಇರಿಸಬಹುದು. ಟಿಟಿ, ಟೈಫಾಯಿಡ್, ಹೆಪಟೈಟಿಸ್ ಎ ಬಗ್ಗೆಯೂ ಒಂದು ತಿಂಗಳು ಮುಂಚೆ ಮಾತಾಡೋಣ. ಹೊರಡುವ ವಾರ ಬಂದರೆ ಕೆಲವು ನಮ್ಮ ಕೈಮೀರಿರುತ್ತವೆ.

ಲಸಿಕೆ ತಡೆಯದ ಜ್ವರಗಳೂ ಇವೆ. 2000ದಲ್ಲಿ ಸಬಾದಲ್ಲಿ ಇಕೋ ಚಾಲೆಂಜ್ ಅನ್ನುವ ಸಾಹಸ ಸ್ಪರ್ಧೆ ನಡೆದಾಗ ನದಿಯಲ್ಲಿ ಈಜಿದ ಹಲವರಿಗೆ ಇಲಿಜ್ವರ ಬಂದಿತ್ತು. ಅದೇ ಸಬಾದಲ್ಲಿ ಕೋತಿಗಳಿಂದ ಸೊಳ್ಳೆಯ ಮೂಲಕ ಮನುಷ್ಯರಿಗೆ ಬರುವ ನೋಲೆಸಿ ಮಲೇರಿಯಾ ಇದೆ. ಇದರ ರೋಗಾಣು 24 ಗಂಟೆಗೊಮ್ಮೆ ಹೆಚ್ಚುತ್ತಾ ಹೋಗುವುದರಿಂದ ಬೇಗ ಗಂಭೀರವಾಗುತ್ತದೆ. ನಮ್ಮಲ್ಲಿ ಮಾಡುವ ತ್ವರಿತ ಪರೀಕ್ಷೆಯಲ್ಲಿ ಇದು ತಪ್ಪಿಹೋಗಬಹುದು. ವಾಪಸ್ ಬಂದ ಕೆಲವು ವಾರಗಳಲ್ಲಿ ಜ್ವರ ಬಂದರೆ ಪ್ಯಾರಸಿಟಮಾಲ್ ನುಂಗಿ ಎರಡು ದಿನ ಕಾಯಬೇಡಿ. ಯಾವ ಡಾಕ್ಟರ ಹತ್ತಿರ ಹೋದರೂ ಯಾವ ದೇಶ, ಯಾವ ಕಾಡು, ಯಾವ ತಾರೀಖು ಅಂತ ಮೊದಲೇ ಹೇಳಿ, ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಮಿಯರ್ ಪರೀಕ್ಷೆ ಮಾಡಿಸಿ ಅಂತ ನೀವೇ ಕೇಳಿ.