ಒಂದೇ ಸಾಲು ಮತ್ತೆ ಮತ್ತೆ: ಎಪ್‌ಸ್ಟೀನ್–ಬಾರ್ ವೈರಸ್ಸಿನ ಡಿಎನ್‌ಎ ಕತೆ

ಲೋಕದ ವಯಸ್ಕರಲ್ಲಿ 100ಕ್ಕೆ 90ಕ್ಕಿಂತ ಜಾಸ್ತಿ ಜನರ ದೇಹದಲ್ಲಿ ಎಪ್‌ಸ್ಟೀನ್–ಬಾರ್ ವೈರಸ್ ಇದೆ. ಇದು ಹರ್ಪಿಸ್ ಕುಟುಂಬದ್ದು, ಎಂಜಲಿನಿಂದ ಹರಡುತ್ತದೆ. ಒಮ್ಮೆ ಒಳಗೆ ಬಂತೆಂದರೆ ರೋಗದ ವಿರುದ್ಧ ಹೋರಾಡುವ ರಕ್ತದ ಬಿ ಜೀವಕೋಶಗಳಲ್ಲಿ ಜೀವಮಾನವಿಡೀ ಉಳಿಯುತ್ತದೆ. ಬಹಳ ಮಂದಿಗೆ ಇದರಿಂದ ಏನೂ ಆಗುವುದಿಲ್ಲ. ಕೆಲವರಿಗೆ ಮಾತ್ರ ಲಿಂಫೋಮಾ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್ ಅಥವಾ ಮೂಗಿನ ಹಿಂಭಾಗದ ಕ್ಯಾನ್ಸರ್ ಬರುವುದರಲ್ಲಿ ಇದರ ಪಾಲು ಇರುತ್ತದೆ. 1964ರಲ್ಲಿ ಲಂಡನ್ನಿನಲ್ಲಿ ಎಪ್‌ಸ್ಟೀನ್, ಅಚಾಂಗ್ ಮತ್ತು ಬಾರ್ ಇದನ್ನು ಮೊದಲು ಕಂಡದ್ದು ಉಗಾಂಡದಿಂದ ಬಂದ ಗಡ್ಡೆಯ ಜೀವಕೋಶಗಳಲ್ಲಿ.

1984ರಲ್ಲಿ ಕೇಂಬ್ರಿಜ್‌ನ ತಂಡವೊಂದು ಈ ವೈರಸ್ಸಿನ ಬಿ95-8 ಎಂಬ ತಳಿಯ ಪೂರ್ತಿ ಡಿಎನ್‌ಎ ಓದಿ ಮುಗಿಸಿತು. ಒಟ್ಟು 1,72,282 ಅಕ್ಷರಗಳು (ಡಿಎನ್‌ಎ ಸಾಲನ್ನು ಕಟ್ಟುವ ನಾಲ್ಕು ಬಗೆಯ ರಾಸಾಯನಿಕ ಘಟಕಗಳೇ ಈ ಅಕ್ಷರಗಳು). ಆ ಕಾಲಕ್ಕೆ ಅದು ದೊಡ್ಡ ಸಾಹಸ. ಒಂದೇ ತುಣುಕು ಸಾಲಾಗಿ ಮತ್ತೆ ಮತ್ತೆ ಬರುವ ಜಾಗಗಳು ಅದರಲ್ಲಿ ಹಲವು ಇದ್ದವು. ಸುಮಾರು 3,000 ಅಕ್ಷರಗಳ ಒಂದು ತುಣುಕು, ಅದನ್ನು ಡಬ್ಲ್ಯೂ ರಿಪೀಟ್ ಅನ್ನುತ್ತಾರೆ, ಹತ್ತಕ್ಕೂ ಹೆಚ್ಚು ಬಾರಿ ಬಂದಿತ್ತು. ಇಡೀ ಜೀನೋಮಿನ, ಅಂದರೆ ವೈರಸ್ಸಿನ ಪೂರ್ತಿ ಡಿಎನ್‌ಎಯ, ಐದನೇ ಒಂದು ಪಾಲು ಸುಮಾರಾಗಿ ಇದೇ! ಯಾವ ಕೆಲಸಕ್ಕೂ ಬಾರದಂತೆ ಕಾಣುವ ಡಿಎನ್‌ಎಗೆ ‘ಕಸದ ಡಿಎನ್‌ಎ’ ಎಂಬ ಮಾತು ಆಗ ಚಾಲ್ತಿಯಲ್ಲಿತ್ತು. ಆದರೆ ವೈರಸ್ಸಿನ ಕವಚದೊಳಗೆ ಜಾಗ ಕಡಿಮೆ. ಅಷ್ಟು ಇಕ್ಕಟ್ಟಿನಲ್ಲಿ ಕಸವನ್ನು ಯಾರಾದರೂ ಹೊತ್ತು ತಿರುಗುತ್ತಾರಾ?

ಮೊದಲು ಅರ್ಥವಾದದ್ದು ಚಿಕ್ಕ ತುಣುಕಿನ ಕೆಲಸ. ಬಿ ಜೀವಕೋಶದಲ್ಲಿ ಈ ವೈರಸ್ ಸಾಮಾನ್ಯವಾಗಿ ನಮ್ಮ ಕ್ರೋಮೋಸೋಮಿನೊಳಗೆ ಸೇರಿಕೊಳ್ಳುವುದಿಲ್ಲ, ಉಂಗುರವಾಗಿ ಬೇರೆಯೇ ಇರುತ್ತದೆ. ಹಾಗಾದರೆ ಜೀವಕೋಶ ಎರಡಾಗುವಾಗ ಅದು ಕಳೆದುಹೋಗುವುದಿಲ್ಲವೇ? ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಯೇಟ್ಸ್, ಸಗ್ಡನ್ ಮತ್ತು ಸಂಗಡಿಗರು 1984ರ ಸುಮಾರಿಗೆ ಇದಕ್ಕೆ ಉತ್ತರ ಹುಡುಕಿದರು. 30 ಅಕ್ಷರಗಳ ಒಂದು ತುಣುಕು ಬಿ95-8 ತಳಿಯಲ್ಲಿ 20 ಬಾರಿ ಬರುತ್ತದೆ. ಇಬಿಎನ್‌ಎ1 ಎಂಬ ವೈರಸ್ ಪ್ರೋಟೀನ್ ಈ ತುಣುಕುಗಳ ಮೇಲೆ ಕೂರುತ್ತದೆ, ಇನ್ನೊಂದು ಕಡೆ ನಮ್ಮ ಕ್ರೋಮೋಸೋಮನ್ನು ಹಿಡಿದುಕೊಳ್ಳುತ್ತದೆ. ಕ್ರೋಮೋಸೋಮ್ ಹೋದಲ್ಲಿಗೆ ವೈರಸ್ಸೂ ಹೋಗುತ್ತದೆ.

ಎರಡೂ ತುದಿಗಳಲ್ಲಿ ಬರುವ ಸುಮಾರು 500 ಅಕ್ಷರಗಳ ತುಣುಕುಗಳ ಕತೆಯೇ ಬೇರೆ. ಕವಚದೊಳಗೆ ಡಿಎನ್‌ಎ ಉದ್ದ ದಾರದಂತೆ ಇರುತ್ತದೆ. ಜೀವಕೋಶಕ್ಕೆ ಬಂದಮೇಲೆ ಎರಡು ತುದಿ ಕೂಡಿ ಉಂಗುರವಾಗುತ್ತದೆ. ಕೂಡಿದ ಜಾಗದಲ್ಲಿ ಎಷ್ಟು ಪ್ರತಿ ಉಳಿಯುತ್ತವೆ ಎನ್ನುವುದು ಪ್ರತಿ ಸೋಂಕಿಗೂ ಬೇರೆ. ಎಲ್‌ಎಂಪಿ2 ಎಂಬ ಜೀನ್ ಈ ಕೂಡುವ ಜಾಗವನ್ನು ದಾಟಿ ಹೋಗುತ್ತದೆ. ಉಂಗುರ ಆಗದೆ ಆ ಜೀನ್ ಪೂರ್ತಿಯಾಗುವುದೇ ಇಲ್ಲ. 1986ರಲ್ಲಿ ರಾಬ್-ಟ್ರಾಬ್ ಮತ್ತು ಫ್ಲಿನ್ ಈ ಪ್ರತಿಗಳ ಎಣಿಕೆಯನ್ನೇ ಸಾಕ್ಷಿ ಮಾಡಿಕೊಂಡರು. ಗಡ್ಡೆಯ ಎಲ್ಲ ಜೀವಕೋಶಗಳಲ್ಲೂ ಎಣಿಕೆ ಒಂದೇ ಇದ್ದರೆ ಅವೆಲ್ಲ ಸೋಂಕು ತಗುಲಿದ ಒಂದೇ ಜೀವಕೋಶದಿಂದ ಹುಟ್ಟಿದವು ಎಂದಾಯಿತು. ಅಂದರೆ ವೈರಸ್ ಗಡ್ಡೆ ಬೆಳೆದಮೇಲೆ ಬಂದು ಸೇರಿದ್ದಲ್ಲ, ಅದಕ್ಕೂ ಮುಂಚೆ ಅಲ್ಲಿತ್ತು. ಇಡೀ ಚರಿತ್ರೆಯಲ್ಲಿ ನನಗೆ ಅತಿ ಮೆಚ್ಚುಗೆಯಾದ ಪ್ರಯೋಗ ಇದು.

ಇಬಿಎನ್‌ಎ1 ಪ್ರೋಟೀನಿನ ಒಳಗೇ ಇನ್ನೊಂದು ರಿಪೀಟ್ ಇದೆ. ಗ್ಲೈಸಿನ್ ಮತ್ತು ಅಲನಿನ್ ಎಂಬ ಎರಡೇ ಅಮೈನೊ ಆಮ್ಲಗಳು ಇನ್ನೂರಕ್ಕೂ ಹೆಚ್ಚು ಸ್ಥಾನಗಳಲ್ಲಿ ಸಾಲಾಗಿ ಬರುತ್ತವೆ. ಈ ಪಟ್ಟಿ ಇದ್ದರೆ ಜೀವಕೋಶ ಆ ಪ್ರೋಟೀನನ್ನು ಸುಲಭವಾಗಿ ತುಂಡು ಮಾಡಿ ರೋಗನಿರೋಧಕ ಪಡೆಗೆ ತೋರಿಸಲಾರದು ಎಂದು ಸ್ವೀಡನ್ನಿನ ಮಸುಚ್ಚಿ ತಂಡ 1995ರಲ್ಲಿ ಕಂಡುಕೊಂಡಿತು. ಪ್ರೋಟೀನ್ ತಯಾರಾಗುವ ವೇಗವನ್ನೂ ಇದು ತಗ್ಗಿಸುತ್ತದೆ ಎಂದು ಆಮೇಲೆ ಗೊತ್ತಾಯಿತು. ಆದರೂ ಇದು ಪೂರ್ತಿ ಕಣ್ಮರೆಯಾಗುವ ಉಪಾಯವಲ್ಲ. ಆ ಪಡೆಯ ಟಿ ಜೀವಕೋಶಗಳು ಕೆಲವೊಮ್ಮೆ ಇಬಿಎನ್‌ಎ1ನ್ನು ಗುರುತಿಸುತ್ತವೆ.

ದೊಡ್ಡ ಡಬ್ಲ್ಯೂ ರಿಪೀಟ್ ತುಂಬಾ ವರ್ಷ ಒಗಟಾಗಿಯೇ ಉಳಿದಿತ್ತು. ಇದರ ಒಂದೊಂದು ಪ್ರತಿಯಲ್ಲೂ ಒಂದು ಪ್ರೊಮೋಟರ್, ಅಂದರೆ ಜೀನ್ ಶುರು ಮಾಡುವ ಜಾಗ ಇದೆ. ವೈರಸ್ ಬಿ ಜೀವಕೋಶದೊಳಗೆ ಕಾಲಿಟ್ಟ ಕೂಡಲೇ ಕೆಲಸ ಶುರುವಾಗುವುದು ಇಲ್ಲಿಂದಲೇ. ಆದರೆ ಒಂದು ಸಾಲದೇ, ಇಷ್ಟೊಂದು ಯಾಕೆ? 2011ರಲ್ಲಿ ಸಂಶೋಧಕರು ಬೇರೆ ಬೇರೆ ಎಣಿಕೆಯ ಪ್ರತಿಗಳಿರುವ ವೈರಸ್ಸುಗಳನ್ನು ಕಟ್ಟಿ ಪರೀಕ್ಷಿಸಿದರು. ಪ್ರತಿಗಳು ತೀರಾ ಕಡಿಮೆಯಾದಾಗ ಬಿ ಜೀವಕೋಶವನ್ನು ಬೆಳೆಯುವಂತೆ ಮಾಡುವ ಶಕ್ತಿ ಕುಗ್ಗಿತು. ಸುಮಾರು 5 ಪ್ರತಿ ಇದ್ದರೆ ಕೆಲಸ ಚೆನ್ನಾಗಿ ನಡೆಯಿತು. ಜನರಲ್ಲಿ ಸಹಜವಾಗಿ ಸಿಗುವ ತಳಿಗಳಲ್ಲೂ ಹೆಚ್ಚಾಗಿ 5ರಿಂದ 8 ಪ್ರತಿಗಳಿರುತ್ತವೆ. ನನ್ನ ಮಟ್ಟಿಗೆ ‘ಕಸ’ ಎಂಬ ವಾದಕ್ಕೆ ಸಿಕ್ಕ ಬಲವಾದ ಉತ್ತರ ಇದೇ. ಅಕ್ಷರಗಳ ಜೊತೆಗೆ ಎಣಿಕೆಗೂ ಇಲ್ಲಿ ಬೆಲೆ ಇದೆ.

2023ರಲ್ಲಿ ಕತೆ ನಮ್ಮದೇ ಡಿಎನ್‌ಎಗೆ ಬಂತು. ಮನುಷ್ಯನ 11ನೇ ಕ್ರೋಮೋಸೋಮಿನಲ್ಲಿ ವೈರಸ್ಸಿನ ತುಣುಕನ್ನು ಹೋಲುವ 18 ಅಕ್ಷರಗಳ ಸಾಲೊಂದು ಗುಂಪಾಗಿ ಮತ್ತೆ ಮತ್ತೆ ಬರುತ್ತದೆ. ಇಬಿಎನ್‌ಎ1 ಅಲ್ಲಿಯೂ ಹೋಗಿ ಕೂರುತ್ತದೆ. ಅದರ ಪ್ರಮಾಣ ಜಾಸ್ತಿಯಾದರೆ ಕ್ರೋಮೋಸೋಮ್ ಅದೇ ಜಾಗದಲ್ಲಿ ಮುರಿಯುತ್ತದೆ ಎಂದು ಸ್ಯಾನ್ ಡಿಯಾಗೋದ ಡಾನ್ ಕ್ಲೀವ್‌ಲ್ಯಾಂಡ್ ತಂಡ ತೋರಿಸಿತು. ಕ್ಯಾನ್ಸರಿಗೆ ಇದೂ ಒಂದು ದಾರಿ ಇರಬಹುದು.

ಇಷ್ಟು ತಿಳಿದಮೇಲೂ ಒಂದು ಕೊರತೆ ಕಾಡುತ್ತಿದೆ. ಡಿಎನ್‌ಎಯನ್ನು ಚಿಕ್ಕ ಚಿಕ್ಕ ಚೂರುಗಳಾಗಿ ಓದುವ ಯಂತ್ರಗಳಿಗೆ ಒಂದೇ ಥರದ ಪ್ರತಿಗಳು ಎಷ್ಟಿವೆ ಎಂದು ಎಣಿಸಲು ಬರುವುದಿಲ್ಲ. ಹೀಗಾಗಿ ಈ ವೈರಸ್ಸಿನ ಎಷ್ಟೋ ಜೀನೋಮುಗಳ ದಾಖಲೆಯಲ್ಲಿ ರಿಪೀಟ್ ಇರುವ ಜಾಗ ಖಾಲಿ ಬಿದ್ದಿದೆ. ಸಾವಿರಾರು ಅಕ್ಷರಗಳನ್ನು ಒಂದೇ ಓಟಕ್ಕೆ ಓದುವ ಹೊಸ ಯಂತ್ರಗಳು ಈಗ ಇವೆ. ಬೇರೆ ಬೇರೆ ರೋಗಿಗಳ ವೈರಸ್ಸಿನಲ್ಲಿ ಡಬ್ಲ್ಯೂ ರಿಪೀಟ್ ಎಷ್ಟೆಷ್ಟಿದೆ ಎಂಬ ಲೆಕ್ಕವನ್ನು ಅವುಗಳಿಂದ ಹಿಡಿಯಬಹುದು. ಆ ಕೆಲಸ ಬೇಗ ಆಗಬೇಕು.