ಟಿ-ಕೋಶಕ್ಕೆ ಬಾರುಕೋಲು ಬೇಡ

ಕ್ಯಾನ್ಸರ್‌ಗೆ ಇಮ್ಯುನೋಥೆರಪಿ (ಮೈಯ ರಕ್ಷಣಾ ಕೋಶಗಳೇ ಗಡ್ಡೆಯನ್ನು ಹೊಡೆಯುವಂತೆ ಮಾಡುವ ಚಿಕಿತ್ಸೆ) ಶುರು ಮಾಡೋಣ ಅಂತ ಹೇಳಿದ ಕೂಡಲೇ ಮನೆಯವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಡಾಕ್ಟ್ರೇ, ಜೊತೆಗೆ ಇಮ್ಯುನಿಟಿ ಜಾಸ್ತಿ ಆಗೋಕೆ ಏನಾದ್ರೂ ಕೊಡಬಹುದಾ?" ಕೇಳುವವರ ಬಗ್ಗೆ ನನಗೆ ಚಿಂತೆಯಿಲ್ಲ. ಕೇಳದೇ ಕೊಡುವವರೇ ಜಾಸ್ತಿ. ನನ್ನ ನಿದ್ದೆ ಕೆಡಿಸುವುದು ಅವರು.

ಇದರಲ್ಲಿ ನಾವು ಬಳಸುವ ಪದದ ಪಾಲೂ ಇದೆ. 'ರೋಗನಿರೋಧಕ ಶಕ್ತಿ' ಅನ್ನುತ್ತೇವೆ. ಶಕ್ತಿ ಅಂದ ತಕ್ಷಣ ಜನರಿಗೆ ಗ್ಲೂಕೋಸ್ ಬಾಟಲಿ, ರಾಗಿ ಗಂಜಿ ನೆನಪಾಗುತ್ತದೆ. ಕಮ್ಮಿಯಾಗಿದ್ದರೆ ತುಂಬಿಸಬೇಕು, ತುಂಬಿಸಿದಷ್ಟೂ ಒಳ್ಳೆಯದು ಅಂತ ಅನಿಸುತ್ತದೆ. ರೋಗಾಣು, ಕ್ಯಾನ್ಸರ್ ಕೋಶಗಳನ್ನು ಗುರುತಿಸಿ ಹೊಡೆಯುವ ಬಿಳಿ ರಕ್ತಕಣಗಳು ಈ ಟಿ-ಕೋಶಗಳು. ಅವುಗಳ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಇದೊಂದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಟಿ-ಕೋಶ ಸುಮ್ನೆ ಏಳುವುದಿಲ್ಲ. ತನಗೆ ಹೊಂದುವ ಗುರುತು ಇನ್ನೊಂದು ಕೋಶದ ಮೈಮೇಲೆ ಕಾಣಬೇಕು. ಅದರ ಜೊತೆಗೇ ತನ್ನ ಮೈಮೇಲಿರುವ ಸಿಡಿ28 ಅನ್ನುವ ಗುಂಡಿಯನ್ನೂ ಯಾರಾದರೂ ಒತ್ತಬೇಕು. ಎರಡೂ ಆದರೆ ಅದು ಒಡೆದು ಒಡೆದು ಸಾವಿರಾರು ಆಗುತ್ತದೆ. ಗುರುತು ಕಂಡು ಗುಂಡಿ ಒತ್ತದೇ ಇದ್ದರೆ ಜಡವಾಗಿ ಕೂರುತ್ತದೆ. ಇನ್ನೊಂದು ಮಾತು, ಎದ್ದ ಕೋಶ ತನ್ನ ಬ್ರೇಕನ್ನು ತಾನೇ ಹೊರಗೆ ಹಾಕುತ್ತದೆ. ಸಿಟಿಎಲ್ಎ-4, ಪಿಡಿ-1 ಅಂದರೆ ಅವೇ.

ಬ್ರೇಕು ಯಾಕೆ ಬೇಕು? 2006ರ ಮಾರ್ಚ್‌ನಲ್ಲಿ ಲಂಡನ್‌ನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಆರು ಜನ ಆರೋಗ್ಯವಂತ ಯುವಕರಿಗೆ ಟಿಜಿಎನ್1412 ಅನ್ನುವ ಹೊಸ ಔಷಧಿ ಕೊಟ್ಟರು. ಗುರುತು ಕಾಣದಿದ್ದರೂ ಸಿಡಿ28 ಗುಂಡಿಯನ್ನು ನೇರವಾಗಿ ಒತ್ತಿ ಕೋಶವನ್ನು ಎಬ್ಬಿಸುವ ಔಷಧಿ ಅದು. ಕೋತಿಗಳು ತಡೆದುಕೊಂಡಿದ್ದ ಪ್ರಮಾಣದ 500ರಲ್ಲಿ ಒಂದು ಪಾಲು ಮಾತ್ರ ಕೊಟ್ಟಿದ್ದು. ಒಂದೂವರೆ ಗಂಟೆಯೊಳಗೆ ತಲೆನೋವು, ಬೆನ್ನುನೋವು, ವಾಂತಿ, ಜ್ವರ. ಆಮೇಲೆ ಆರೂ ಜನ ಐಸಿಯುನಲ್ಲಿ. ಶ್ವಾಸಕೋಶ, ಕಿಡ್ನಿ ಕೈಕೊಟ್ಟವು. ಜೀವ ಉಳಿಯಿತು, ಆದರೆ ಒಬ್ಬನ ಕಾಲ್ಬೆರಳುಗಳೂ ಕೆಲವು ಕೈಬೆರಳುಗಳ ತುದಿಗಳೂ ಹೋದವು. ಅಲ್ಲಿ ಯಾವ ರೋಗಾಣುವೂ ಇರಲಿಲ್ಲ. ಅವರ ಟಿ-ಕೋಶಗಳೇ ದೊಡ್ಡ ಸಂಖ್ಯೆಯಲ್ಲಿ ಒಟ್ಟಿಗೆ ಎದ್ದವು, ಅಷ್ಟೇ.

ಇನ್ನು ಕ್ಯಾನ್ಸರ್ ಗಡ್ಡೆಯ ಒಳಗೆ ನೋಡೋಣ. ಅಲ್ಲಿ ಟಿ-ಕೋಶಗಳಿಗೆ ಶತ್ರುವಿನ ಗುರುತು ಹಗಲೂ ರಾತ್ರಿ ಕಾಣುತ್ತಲೇ ಇರುತ್ತದೆ, ತಿಂಗಳುಗಟ್ಟಲೆ. ಬಿಡುವೇ ಇಲ್ಲ. ಬಿಡುವಿಲ್ಲದೆ ಉತ್ತ ಎತ್ತು ಏನು ಮಾಡುತ್ತದೆ? ನೇಗಿಲ ಸಾಲಿನಲ್ಲೇ ಮಲಗುತ್ತದೆ. ಈ ಕೋಶಗಳೂ ಹಾಗೇ. ಮೈತುಂಬ ಪಿಡಿ-1 ಹಾಕಿಕೊಂಡು ಮಂಕಾಗುತ್ತವೆ. ಅವು ಸೋತಿರುವುದು ಪ್ರಚೋದನೆ ಸಾಲದೆ ಅಲ್ಲ, ಪ್ರಚೋದನೆ ಅತಿಯಾಗಿ. ಮಲಗಿದ ಎತ್ತಿಗೆ ಮತ್ತೆ ಬಾರುಕೋಲು ಬೀಸಿ ಏನು ಪ್ರಯೋಜನ ಹೇಳಿ?

ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂದಿದ್ದು ಬ್ರೇಕು ಸಡಿಲಿಸುವ ದಾರಿ ತೋರಿಸಿದ್ದಕ್ಕೆ. ನಾವು ಕೊಡುವ ಪೆಂಬ್ರೋಲಿಜುಮ್ಯಾಬ್, ನಿವೊಲುಮ್ಯಾಬ್ ಅನ್ನುವ ಇಮ್ಯುನೋಥೆರಪಿ ಔಷಧಿಗಳು ಮಾಡುವುದೂ ಇದನ್ನೇ. ಬ್ರೇಕು ಬಿಟ್ಟರೂ ಎಲ್ಲ ಕೋಶ ಏಳುವುದಿಲ್ಲ. ಪೂರ್ತಿ ಸೋತವು ಸೋತೇ ಇರುತ್ತವೆ. ಬಿತ್ತನೆಗೆ ಅಂತ ತೆಗೆದಿಟ್ಟ ಕಾಳಿನಂತೆ ಇನ್ನೂ ಹಸನಾಗಿ ಉಳಿದ ಕೆಲವು ಕೋಶಗಳು ಇರುತ್ತವಲ್ಲ, ಬಹುಮಟ್ಟಿಗೆ ಅವೇ ಬೆಳೆದು ಕೆಲಸಕ್ಕೆ ಇಳಿಯುತ್ತವೆ. ಎಲ್ಲ ರೋಗಿಗಳಿಗೂ ಗುಣ ಕಾಣದಿರುವುದಕ್ಕೆ ಇದೂ ಒಂದು ಕಾರಣ, ಇದೊಂದೇ ಅಲ್ಲ.

"ಅಪ್ಪನಿಗೆ ಎಪ್ಪತ್ತಾಯ್ತು, ಶಕ್ತಿ ಇಲ್ಲ, ಅವರಿಗಾದ್ರೂ ಬೂಸ್ಟರ್ ಬೇಡ್ವಾ?" ಅಂತ ಕೇಳುತ್ತಾರೆ. ವಯಸ್ಸಿನ ಕಥೆಯೂ ದೂರದ್ದಲ್ಲ. ಟಿ-ಕೋಶ ತಯಾರಾಗುವ ಥೈಮಸ್ ಗ್ರಂಥಿ ಎದೆಮೂಳೆಯ ಹಿಂದಿದೆ. ಚಿಕ್ಕಂದಿನಿಂದಲೇ ಅದು ಕರಗುತ್ತಾ ಬಂದು ಅರವತ್ತರ ಹೊತ್ತಿಗೆ ಬಹುಪಾಲು ಕೊಬ್ಬಾಗಿರುತ್ತದೆ. ಹೊಸ ಕೋಶ ಹುಟ್ಟುವುದು ಬಹಳ ಕಮ್ಮಿ. ಹಳೆಯವೇ ದುಡಿಯಬೇಕು. ಸಿಎಂವಿ ಅನ್ನುವ ವೈರಸ್ ನಮ್ಮಲ್ಲಿ ಬಹುತೇಕ ಎಲ್ಲರ ಮೈಯಲ್ಲೂ ಚಿಕ್ಕಂದಿನಿಂದ ಅಡಗಿರುತ್ತದೆ. ಅದನ್ನು ಕಾಯುವುದರಲ್ಲೇ ಕೆಲವು ವಯಸ್ಸಾದವರ ಟಿ-ಕೋಶಗಳ ದೊಡ್ಡ ಪಾಲು ಸವೆದಿರುತ್ತದೆ. ಹೀಗೆ ಮತ್ತೆ ಮತ್ತೆ ಎದ್ದು ಕೂತ ಕೋಶಗಳು ಕೊನೆಗೆ ಆ ಸಿಡಿ28 ಗುಂಡಿಯನ್ನೇ ಕಳೆದುಕೊಳ್ಳುತ್ತವೆ. ಒತ್ತೋಣ ಅಂದರೆ ಗುಂಡಿಯೇ ಇಲ್ಲ.

ಹಾಗಂತ ಮುದಿವಯಸ್ಸಿನಲ್ಲಿ ಏನೂ ಆಗದು ಅಂತಲ್ಲ. ವಯಸ್ಸೊಂದನ್ನೇ ನೋಡಿ ನಾನು ಇಮ್ಯುನೋಥೆರಪಿ ಬೇಡ ಅನ್ನುವುದಿಲ್ಲ. ಸರ್ಪಸುತ್ತಿನ ಹೊಸ ಲಸಿಕೆಯನ್ನೇ ನೋಡಿ. ಸರ್ಪಸುತ್ತು ಏಳುವುದೇ ಮೈಯಲ್ಲಿ ಅಡಗಿರುವ ಅದರ ವೈರಸ್ಸನ್ನು ಕಾಯುವ ಟಿ-ಕೋಶಗಳು ವಯಸ್ಸಿಗೆ ಸೊರಗಿದಾಗ. ಈ ಲಸಿಕೆ ಎರಡೇ ಡೋಸ್, ಸಾಮಾನ್ಯವಾಗಿ ಎರಡರಿಂದ ಆರು ತಿಂಗಳ ಅಂತರದಲ್ಲಿ. ದೊಡ್ಡ ಪರೀಕ್ಷೆಯಲ್ಲಿ ಎಪ್ಪತ್ತು ದಾಟಿದವರಲ್ಲೂ ಸುಮಾರು 90% ರಕ್ಷಣೆ ಕೊಟ್ಟಿತು. ಒಂದೇ ಗುರಿ, ಅಳತೆಯ ಪ್ರಚೋದನೆ, ಆಮೇಲೆ ಬಿಡುವು. ದಿನಾ ಬೆಳಿಗ್ಗೆ ಒಂದು ಲೋಟ ಕಷಾಯ ಕುಡಿಯುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಆ ಲೋಟದ ಮಾತು ಹೇಳಬೇಕು. ನನ್ನಲ್ಲಿಗೆ ಬರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರಿಗೆ ಶ್ವಾಸಕೋಶದ ಕ್ಯಾನ್ಸರ್. ಇಮ್ಯುನೋಥೆರಪಿಯ ಮೂರು ಡೋಸ್ ಆದ ಮೇಲೆ ಗಡ್ಡೆ ಕುಗ್ಗಿತ್ತು. ನಾಲ್ಕನೆಯದಕ್ಕೆ ಮೊದಲು ರಕ್ತ ನೋಡಿದರೆ ಲಿವರ್ ಎನ್‌ಜೈಮ್ ಮಾಮೂಲಿಗಿಂತ ಎಂಟು ಪಟ್ಟು. ಬ್ರೇಕು ಬಿಟ್ಟ ಟಿ-ಕೋಶಗಳು ಲಿವರ್ ಮೇಲೆ ಬೀಳುವುದು ಈ ಔಷಧಿಯ ಗೊತ್ತಿರುವ ತೊಂದರೆ. ಡೋಸ್ ನಿಲ್ಲಿಸಿ, ಟಿ-ಕೋಶಗಳನ್ನು ತಣ್ಣಗಾಗಿಸುವ ಸ್ಟೀರಾಯ್ಡ್ ಶುರು ಮಾಡಿದೆ. ಮೂರನೇ ದಿನ ವಾರ್ಡಿಗೆ ಹೋದಾಗ ಮಗಳು ಸ್ಟೀಲ್ ಬಾಟಲಿಯಿಂದ ಹಸಿರು-ಕಂದು ಬಣ್ಣದ ಏನನ್ನೋ ಬಗ್ಗಿಸುತ್ತಿದ್ದರು. ಅಮೃತಬಳ್ಳಿ ಕಷಾಯ. ಎರಡು ತಿಂಗಳಿಂದ ದಿನಾ ಕೊಡುತ್ತಿದ್ದರಂತೆ.

"ಯಾಕಮ್ಮ ಹೇಳ್ಲಿಲ್ಲ?" ಅಂದೆ.

"ಅದು ಔಷಧಿ ಅಲ್ವಲ್ಲ ಡಾಕ್ಟ್ರೇ. ನಮ್ಮ ಹಿತ್ತಲಲ್ಲೇ ಬೆಳೆದಿದ್ದು."

ಬೈಯಲು ಮನಸ್ಸು ಬರಲಿಲ್ಲ. ದಿನಾ ಐದು ಗಂಟೆಗೆ ಎದ್ದು ಅಪ್ಪನಿಗಾಗಿ ಬಳ್ಳಿ ಜಜ್ಜುತ್ತಿದ್ದ ಹೆಣ್ಣುಮಗಳು.

ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದ ಕೆಲವರಲ್ಲಿ ಲಿವರ್‌ಗೆ ಏಟಾಗಿದ್ದನ್ನು ನಮ್ಮ ದೇಶದ ಲಿವರ್ ತಜ್ಞರೇ ವರದಿ ಮಾಡಿದ್ದಾರೆ. ಮೈಯ ರಕ್ಷಣಾ ಕೋಶಗಳೇ ಲಿವರ್ ಮೇಲೆ ತಿರುಗಿಬಿದ್ದ ಲಕ್ಷಣ ಹಲವರಲ್ಲಿ ಇತ್ತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಆ ವಾದ ಇಲ್ಲಿ ಬೇಡ. ನನ್ನ ಕಷ್ಟ ಬೇರೆ. ಎರಡೂ ಒಂದೇ ಥರ ಲಿವರ್ ಕೆಡಿಸಬಹುದಾದಾಗ ಯಾವುದನ್ನು ನಿಲ್ಲಿಸಲಿ? ಗುಣ ಕೊಡುತ್ತಿರುವ, ಲಕ್ಷ ದಾಟುವ ಔಷಧಿಯನ್ನೋ, ಹಿತ್ತಲ ಕಷಾಯವನ್ನೋ? ಸ್ಟೀರಾಯ್ಡ್ ಕೊಟ್ಟರೆ ಆ ಉಳಿದ ಹಸನು ಕೋಶಗಳೂ ತಣ್ಣಗಾಗುವ ಭಯ ಇನ್ನೊಂದು ಕಡೆ.

ಮೇಷ್ಟ್ರ ಲಿವರ್ ಆರು ವಾರದಲ್ಲಿ ಸರಿಹೋಯಿತು. ಕಾರಣ ಯಾವುದು ಅಂತ ಇವತ್ತಿಗೂ ಖಚಿತವಾಗಿ ಹೇಳಲಾರೆ. ಕಷಾಯ ಪೂರ್ತಿ ನಿಲ್ಲಿಸಿ, ವಾರವಾರ ರಕ್ತ ನೋಡುತ್ತಾ, ಔಷಧಿಯನ್ನು ಮತ್ತೆ ಶುರು ಮಾಡಿದೆವು. ಈಗ ಮಗಳು ಪ್ರತಿ ಸಲ ಬಟ್ಟೆ ಚೀಲವೊಂದನ್ನು ತಂದು ಮೇಜಿನ ಮೇಲೆ ಸುರಿಯುತ್ತಾರೆ. ಮಾತ್ರೆ, ಪುಡಿ, ಯಾರೋ ನೆಂಟರು ಕೊಟ್ಟ ಲೇಹ್ಯದ ಡಬ್ಬಿ, ಎಲ್ಲವೂ. ಒಂದೊಂದಾಗಿ ಎತ್ತಿ ನೋಡುತ್ತೇವೆ. ಹತ್ತು ನಿಮಿಷ ಹಿಡಿಯುತ್ತದೆ, ಹೊರಗೆ ಸಾಲು ಬೆಳೆಯುತ್ತದೆ. ಬೆಳೆಯಲಿ. ನೀವೂ ಆ ಚೀಲ ತನ್ನಿ.