ಗೋಡೆ ನೆಕ್ಕುವ ಎಮ್ಮೆ, ಎಲುಬು ಅಗಿಯುವ ಆಕಳು

“ಎಮ್ಮಿ ಗ್ವಾಡಿ ನೆಕ್ಕಾಕ ಹತ್ತೇತ್ರಿ, ಹಗ್ಗಾ ಕಡಿತೈತ್ರಿ, ಚಪ್ಲಿ ಬಿಟ್ರ ಚಪ್ಲಿನೂ ಬಿಡಂಗಿಲ್ರಿ.” ಬೇಸಿಗೆಯಲ್ಲಿ ಕಣಕಿ (ಜೋಳದ ಒಣ ದಂಟು) ಬಣವಿ ಅರ್ಧಕ್ಕೆ ಇಳಿಯುವ ಹೊತ್ತಿಗೆ ಧಾರವಾಡ, ಗದಗ, ಹಾವೇರಿ ಭಾಗದ ಪಶು ಆಸ್ಪತ್ರೆಗಳಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಅದರ ಬೆನ್ನಿಗೇ “ಕೆಟ್ಟ ಚಟಾ ಬಿದ್ದೈತ್ರಿ” ಎಂಬ ಇನ್ನೊಂದು ಮಾತೂ ಬರುತ್ತದೆ. ಚಟ ಎಂದುಕೊಂಡವರು ಬಡಿಗೆ ಹಿಡಿಯುತ್ತಾರೆ, ಇಲ್ಲವೇ ಗೋಡೆಗೆ ಸಗಣಿ ಬಳಿದು ಸುಮ್ಮನಾಗುತ್ತಾರೆ. ಎಮ್ಮೆ ನೆಕ್ಕುವುದನ್ನು ಬಿಡುವುದಿಲ್ಲ. ಅದರ ಮೈಗೆ ಏನೋ ಸಾಲುತ್ತಿಲ್ಲ. ಏನು ಎಂಬುದನ್ನು ಮೊದಲು ಗ್ವಾದಲಿಯಲ್ಲಿ, ಅಂದರೆ ಮೇವು ಹಾಕುವ ತೊಟ್ಟಿಯಲ್ಲಿ, ಹುಡುಕಬೇಕು.

ನಮ್ಮ ಒಣ ಬೇಸಾಯದ ಊರುಗಳಲ್ಲಿ ಹೆಚ್ಚಾಗಿ ಸಾಲದೇ ಬೀಳುವುದು ರಂಜಕ, ಅಂದರೆ ಫಾಸ್ಫರಸ್. ಜೋಳದ ಕಣಕಿಯಲ್ಲಿ ಇದು ಶೇ. 0.1ರ ಆಸುಪಾಸು ಮಾತ್ರ. ದಿನಕ್ಕೆ 8 ಕಿಲೋ ಕಣಕಿ ತಿಂದ ಎಮ್ಮೆಗೆ ಸಿಗುವುದು ಸುಮಾರು 8 ಗ್ರಾಂ, ಅದೂ ಪೂರ್ತಿ ಮೈಗೆ ಹತ್ತುವುದಿಲ್ಲ. ಮೈ ಕಾಯ್ದುಕೊಳ್ಳಲಿಕ್ಕೇ 10 ಗ್ರಾಂ ಮೀರಿ ಬೇಕು. ಜೊತೆಗೆ ಪ್ರತಿ ಲೀಟರ್ ಹಾಲಿನ ಸಂಗಡ ಸುಮಾರು 1 ಗ್ರಾಂ ಹೊರಹೋಗುತ್ತದೆ. ಪೇಡೆಗೆ ಹೆಸರಾದ ಊರಿನ ಧಾರವಾಡಿ ಎಮ್ಮೆ ದಿನಕ್ಕೆ ನಾಲ್ಕೈದು ಲೀಟರ್ ಕೊಡುತ್ತಿದ್ದರೆ ಕೊರತೆ ಎಷ್ಟೆಂದು ನೀವೇ ಲೆಕ್ಕ ಹಾಕಬಹುದು. ಮೈಯಲ್ಲಿರುವ ರಂಜಕದ ಶೇ. 80ರಷ್ಟು ಎಲುಬಿನಲ್ಲೇ ಇರುತ್ತದೆ. ಮೇವಿನಿಂದ ಬಾರದಿದ್ದಾಗ ಎಮ್ಮೆ ಅಲ್ಲಿಂದಲೇ ಕರಗಿಸಿ ಹಾಲಿಗೆ ಹಾಕುತ್ತದೆ. ತಿಂಗಳುಗಟ್ಟಲೆ ಹೀಗೆ ನಡೆದ ಮೇಲೆ ಬಾಯಿ ಕಂಡದ್ದಕ್ಕೆಲ್ಲ ಹೋಗುತ್ತದೆ.

ಎಲುಬು ಅಗಿಯುವ ಆಕಳನ್ನು ಹತ್ತಿರದಿಂದ ನೋಡಿದರೆ ಅದು ಆಟವಲ್ಲ ಎಂದು ತಿಳಿಯುತ್ತದೆ. ಕತ್ತು ಮೇಲೆತ್ತಿ, ಎಲುಬಿನ ಒಂದು ತುದಿಯನ್ನು ದವಡೆಹಲ್ಲುಗಳ ನಡುವೆ ಸಿಕ್ಕಿಸಿಕೊಂಡು, ಇನ್ನೊಂದು ತುದಿ ಬಾಯಿಯ ಪಕ್ಕದಿಂದ ಹೊರಚಾಚಿದ್ದರೂ ಬಿಡದೆ, ನಾಲಿಗೆಯಿಂದ ಉರುಳಿಸುತ್ತ ಅಗಿಯುತ್ತಿರುತ್ತದೆ. ಜೊಲ್ಲು ಎಳೆಯಾಗಿ ನೆಲಕ್ಕೆ ಇಳಿಯುತ್ತಿರುತ್ತದೆ. ಆಫ್ರಿಕಾದ ಜಿರಾಫೆ, ಜಿಂಕೆಗಳು ಕೂಡ ಹೀಗೆಯೇ ಮಾಡುತ್ತವೆ. ನಮ್ಮ ಗುಡ್ಡಗಳ ಮುಳ್ಳುಹಂದಿ ಎಲುಬು, ಕೊಂಬುಗಳನ್ನು ಬಿಲದವರೆಗೆ ಎಳೆದೊಯ್ದು ಕಡಿಯುತ್ತದೆ. ಮೈಗೆ ಬೇಕಾದದ್ದು ಎಲ್ಲಿದೆ ಎಂಬ ಅರಿವು ಈ ಪ್ರಾಣಿಗಳಿಗಿದೆ ಎಂಬುದು ನನಗೆ ಇಂದಿಗೂ ಅಚ್ಚರಿಯ ಸಂಗತಿ.

ಆದರೆ ಇದೇ ಅರಿವು ಜೀವ ತೆಗೆಯಬಲ್ಲದು. ದಕ್ಷಿಣ ಆಫ್ರಿಕಾದಲ್ಲಿ ನೂರು ವರ್ಷಗಳ ಹಿಂದೆ ದನಗಳು ಲಕ್ವ ಹೊಡೆದಂತಾಗಿ ಸಾಲುಸಾಲಾಗಿ ಸಾಯುತ್ತಿದ್ದವು. ಪಶುವೈದ್ಯ ಆರ್ನಾಲ್ಡ್ ಥೈಲರ್ ಮತ್ತು ಅವರ ಸಂಗಡಿಗರು 1920ರ ಹೊತ್ತಿಗೆ ಇದರ ಸರಪಳಿಯನ್ನು ಬಿಡಿಸಿಟ್ಟರು. ನೆಲದಲ್ಲಿ ರಂಜಕವಿಲ್ಲ, ಆದ್ದರಿಂದ ಹುಲ್ಲಿನಲ್ಲಿಲ್ಲ, ಆದ್ದರಿಂದ ದನ ಸತ್ತ ಪ್ರಾಣಿಯ ಎಲುಬು ತಿನ್ನುತ್ತದೆ, ಆ ಎಲುಬಿಗೆ ಅಂಟಿದ ಕೊಳೆತ ಮಾಂಸದಲ್ಲಿ ಲಕ್ವ ಹೊಡೆಸುವ ಬೊಟುಲಿಸಂ ವಿಷವಿರುತ್ತದೆ. ನಮ್ಮಲ್ಲೂ ಸತ್ತ ದನವನ್ನು ಹಳ್ಳದ ದಂಡೆಗೆ ಎಸೆಯುವ ರೂಢಿ ಇದೆ. ದಯವಿಟ್ಟು ಬೇಡ. ಆರಡಿ ತೆಗ್ಗು ತೋಡಿ, ಸುಣ್ಣ ಹಾಕಿ ಹುಗಿಯಿರಿ.

ಇನ್ನು ಉಪಾಯ. ಮೊದಲು ಸಗಣಿ ಪರೀಕ್ಷೆ ಮಾಡಿಸಿ ಜಂತಿನ ಔಷಧಿ ಕೊಡಿಸಿ. ಹೊಟ್ಟೆಯಲ್ಲಿ ಜಂತು ಇಟ್ಟುಕೊಂಡು ಏನು ತಿನ್ನಿಸಿದರೂ ಅರ್ಧ ವ್ಯರ್ಥ. ಆಮೇಲೆ ದಿನಕ್ಕೆ 1 ಕಿಲೋ ಗೋಧಿ ಬೂಸಾ. ಇದರಿಂದಲೇ ಸುಮಾರು 10 ಗ್ರಾಂ ರಂಜಕ ಸಿಗುತ್ತದೆ. ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿಯಲ್ಲೂ ಒಳ್ಳೆಯ ಪ್ರಮಾಣದಲ್ಲಿರುತ್ತದೆ. ಕಡಲೆ, ತೊಗರಿ ಹೊಟ್ಟಿನಲ್ಲಿ ಸುಣ್ಣದ ಅಂಶ ಹೆಚ್ಚು, ರಂಜಕ ಕಡಿಮೆ. ಹಾಗಾಗಿ ಹೊಟ್ಟು ಬೂಸಾದ ಜಾಗ ತುಂಬಲಾರದು. ಇವುಗಳ ಮೇಲೆ 50 ಗ್ರಾಂ ಖನಿಜ ಮಿಶ್ರಣ, 30 ಗ್ರಾಂ ಉಪ್ಪನ್ನು ಬೆಳಿಗ್ಗೆ–ಸಂಜೆ ಎರಡು ಪಾಲು ಮಾಡಿ ಕೊಡಬೇಕು. ಖನಿಜ ಮಿಶ್ರಣದ ಚೀಲದ ಮೇಲೆ ಬರೆದದ್ದನ್ನು ಓದಿ. ರಂಜಕ ಶೇ. 9ಕ್ಕಿಂತ ಕಡಿಮೆ ಇದ್ದರೆ ಆ ಚೀಲ ಬೇಡ, 12 ಇದ್ದರೆ ಒಳ್ಳೆಯದು.

ಇಷ್ಟೆಲ್ಲ ಮಾಡಿಯೂ ಫಲ ಸಿಗದಿರುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣ. ಪುಡಿಯನ್ನು ಒಣ ಕಣಕಿಯ ಮೇಲೆ ಉದುರಿಸುತ್ತಾರೆ, ಅದು ಗ್ವಾದಲಿಯ ತಳ ಸೇರುತ್ತದೆ. ನೆನೆಸಿದ ಹಿಂಡಿಯಲ್ಲೇ ಕಲಸಬೇಕು. ಎರಡನೆಯದು, “ಕ್ಯಾಲ್ಸಿಯಂ ಕಮ್ಮಿ ಆಗೇತಿ” ಎಂದು ಬರೀ ಸುಣ್ಣದ ತಿಳಿನೀರು ಅಥವಾ ಕ್ಯಾಲ್ಸಿಯಂ ಟಾನಿಕ್ ಕುಡಿಸುತ್ತಾರೆ. ರಂಜಕವಿಲ್ಲದೆ ಕ್ಯಾಲ್ಸಿಯಂ ಮಾತ್ರ ಏರಿಸಿದರೆ ತೊಂದರೆ ಹೆಚ್ಚುತ್ತದೆ. ಮೂರನೆಯದು ಆತುರ. ನಾಲ್ಕು ದಿನ ಕೊಟ್ಟು ಬಿಟ್ಟರೆ ಏನೂ ಆಗದು. ನೆಕ್ಕುವುದು ಇಳಿಯಲು ಮೂರ್ನಾಲ್ಕು ವಾರ ಹಿಡಿಯುತ್ತದೆ.

ಈದ ಎಮ್ಮೆಯಲ್ಲಿ ಮಾತ್ರ ಕಾಯುತ್ತ ಕೂಡಬಾರದು. ಈದು ಕೆಲವು ವಾರಗಳಲ್ಲಿ ಉಚ್ಚಿ ಕಾಫಿ ಬಣ್ಣಕ್ಕೆ ತಿರುಗಿದರೆ ರಂಜಕ ತೀರಾ ಕುಸಿದು ರಕ್ತಕಣ ಒಡೆಯುತ್ತಿರಬಹುದು. ಉಣ್ಣೆಯಿಂದ ಬರುವ ಜ್ವರದಲ್ಲೂ ಉಚ್ಚಿ ಕೆಂಪಾಗುತ್ತದೆ, ಎರಡಕ್ಕೂ ಮದ್ದು ಬೇರೆ. ಅದೇ ದಿನ ಡಾಕ್ಟರನ್ನು ಕರೆಸಿ.

ಕರು ಮಣ್ಣು ತಿನ್ನುವುದಕ್ಕೆ ಮೊದಲು ನೆನೆಯಬೇಕಾದದ್ದು ದುಂಡು ಜಂತು. ತಾಯಿಯ ಹಾಲಿನಿಂದಲೇ ಅದು ಕರುವಿಗೆ ಬರುತ್ತದೆ. ಆದ್ದರಿಂದ ಹುಟ್ಟಿ ಎರಡು–ಮೂರು ವಾರದೊಳಗೆ ಮೊದಲ ಔಷಧಿ ಆಗಬೇಕು. ಕರುಗಳು ಒಂದರ ಮೈ ಒಂದು ನೆಕ್ಕಿ ಹೊಟ್ಟೆಯಲ್ಲಿ ಕೂದಲುಂಡೆ ಕಟ್ಟಿಕೊಳ್ಳುತ್ತವೆ. ಹಾಲು ಕುಡಿದ ಕೂಡಲೇ ಬಾಯಿ ಒರೆಸಿ, ನಾಲಿಗೆಗೆ ಚಿಟಿಕೆ ಉಪ್ಪು ಸವರಿ, ಅರ್ಧ ತಾಸು ದೂರ ದೂರ ಕಟ್ಟಿದರೆ ಇದು ಬಹುಪಾಲು ನಿಲ್ಲುತ್ತದೆ.

ಪ್ಲಾಸ್ಟಿಕ್ ತಿನ್ನುವ ಬೀದಿ ಆಕಳುಗಳ ವಿಷಯ ಬೇರೆ. ಅಲ್ಲಿ ಕೊರತೆಗಿಂತ ಹೆಚ್ಚಾಗಿ ವಾಸನೆ ಕೆಲಸ ಮಾಡುತ್ತದೆ. ಕ್ಯಾರಿಬ್ಯಾಗಿನಲ್ಲಿ ಉಳಿದ ಅನ್ನ, ಸೊಪ್ಪಿನ ದಂಟು ಹಾಕಿ ಬಾಯಿ ಗಂಟು ಕಟ್ಟಿ ಎಸೆದರೆ ಆಕಳಿಗೆ ಗಂಟು ಬಿಚ್ಚಲು ಬಾರದು, ಚೀಲ ಸಹಿತ ಒಳಗೆ ಹೋಗುತ್ತದೆ. ಕಡಲಲ್ಲೂ ಇದೇ ನಡೆಯುತ್ತದೆ. ನೀರಿನಲ್ಲಿ ಕೆಲ ವಾರ ತೇಲಿ ಪಾಚಿ ಕಟ್ಟಿದ ಪ್ಲಾಸ್ಟಿಕ್ಕಿನ ವಾಸನೆಗೆ ಕಡಲಾಮೆಗಳು ಮೀನು, ಸಿಗಡಿಯ ವಾಸನೆಗೆ ಸ್ಪಂದಿಸಿದಂತೆಯೇ ಸ್ಪಂದಿಸುತ್ತವೆ ಎಂದು 2020ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಯೋಗ ಮಾಡಿ ತೋರಿಸಿದರು. ಹೊನ್ನಾವರದ ದಂಡೆಗೆ ಮೊಟ್ಟೆಯಿಡಲು ಬರುವ ಆಮೆಯಾಗಲಿ, ಹುಬ್ಬಳ್ಳಿ ಮಾರ್ಕೆಟ್ಟಿನ ಆಕಳಾಗಲಿ, ಮೂಗನ್ನು ನಂಬಿ ತಿನ್ನುತ್ತದೆ.

ಆಕಳಿಗೆ ಮೇಲ್ದವಡೆಯ ಮುಂದೆ ಹಲ್ಲಿಲ್ಲ. ನಾಲಿಗೆ ಸುತ್ತಿ ಎಳೆದು ಸರಿಯಾಗಿ ಅಗಿಯದೆ ನುಂಗುತ್ತದೆ. ನಾಲಿಗೆ, ಕೆನ್ನೆಗಳ ಒಳಗಿನ ಮುಳ್ಳುಗಳು ಗಂಟಲ ಕಡೆಗೇ ಬಾಗಿರುವುದರಿಂದ ಒಳಹೋದದ್ದು ಹೊರಗೆ ಬರುವುದು ಕಷ್ಟ. ಬೈಂಡಿಂಗ್ ವೈರ್, ಮೊಳೆ ಕೂಡ ಹೀಗೆಯೇ ಹೋಗಿ ಎರಡನೆಯ ಹೊಟ್ಟೆಯಲ್ಲಿ ನಿಲ್ಲುತ್ತವೆ. ಅದರ ಮುಂದೆಯೇ ಹೃದಯ. ಗಬ್ಬದ ಕೊನೆಯ ದಿನಗಳಲ್ಲಿ ಕರುವಿನ ಒತ್ತಡಕ್ಕೆ ತಂತಿ ಮುಂದೆ ಚುಚ್ಚುತ್ತದೆ. ಬೆನ್ನು ಗೂನು ಮಾಡಿ ನಿಲ್ಲುವುದು, ಮೊಣಕೈ ಹೊರಗೆ ಮಾಡುವುದು, ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುವುದು, ಆಮೇಲೆ ಗಂಗೆದೊಗಲಿನ (ಕುತ್ತಿಗೆಯ ಕೆಳಗೆ ಜೋತ ಚರ್ಮದ) ಹತ್ತಿರ ಬಾವು ಇದರ ಗುರುತು. ಹೆಗಲ ಹಿಂದಿನ ಬೆನ್ನಿನ ಚರ್ಮ ಗಟ್ಟಿಯಾಗಿ ಚಿವುಟಿದರೆ ಆರೋಗ್ಯವಿದ್ದ ಆಕಳು ಬೆನ್ನು ತಗ್ಗಿಸುತ್ತದೆ. ನೋವಿದ್ದದ್ದು ತಗ್ಗಿಸದೆ ನರಳುತ್ತದೆ. ಕಟ್ಟಡದ ಕೆಲಸ ನಡೆಯುವ ಜಾಗದ ಹತ್ತಿರ ಮೇಯಿಸುವವರು ಡಾಕ್ಟರ ಕೈಯಿಂದ ಹೊಟ್ಟೆಗೆ ಅಯಸ್ಕಾಂತ ಹಾಕಿಸಬಹುದು. ಅದು ತಂತಿಯನ್ನು ಅಲ್ಲೇ ಹಿಡಿದಿಡುತ್ತದೆ.

ಪ್ಲಾಸ್ಟಿಕ್ ಕರಗಿಸುವ ಔಷಧಿ ಇಲ್ಲ. ಮೇಲಿಂದ ಮೇಲೆ ಹೊಟ್ಟೆ ಉಬ್ಬುತ್ತ, ಮೆಲುಕು ಕಡಿಮೆಯಾಗುತ್ತ ಬಂದರೆ ಎಡ ಪಕ್ಕೆ ತೆರೆದು ಕೈಯಿಂದ ತೆಗೆಯುವುದೊಂದೇ ದಾರಿ. ಜಾರಲಿ ಎಂದು ನಾಲಿಗೆ ಹಿಡಿದೆಳೆದು ಎಣ್ಣೆ ಹೊಯ್ಯಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಎರಡು ದಿನದಲ್ಲಿ ನ್ಯುಮೋನಿಯಾ.

ನಾಯಿ ಹುಲ್ಲು ತಿಂದರೆ ಗಾಬರಿ ಬೇಡ. 2008ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯಲ್ಲಿ, ಹುಲ್ಲು ತಿನ್ನುವ ಮೊದಲು ಕಾಯಿಲೆ ಬಿದ್ದಂತೆ ಕಂಡ ನಾಯಿಗಳು ಹತ್ತರಲ್ಲಿ ಒಂದಕ್ಕೂ ಕಡಿಮೆ. ಔಷಧಿ ಹೊಡೆದ ಹೊಲದ ಹುಲ್ಲಿಗೆ ಬಿಡಬೇಡಿ, ಅಷ್ಟೇ. ಮಣ್ಣು, ಇಟ್ಟಿಗೆ, ಗೋಡೆ ಕೆರೆದು ತಿನ್ನುವ ನಾಯಿಯ ತುಟಿ ಎತ್ತಿ ವಸಡು ನೋಡಿ. ಬೆಳ್ಳಗಿದ್ದರೆ ಕೊಕ್ಕೆ ಜಂತು ಅಥವಾ ಉಣ್ಣೆ ಜ್ವರದಿಂದ ರಕ್ತ ಇಳಿದಿರಬಹುದು. ನೆಲ, ಸಿಮೆಂಟು ನೆಕ್ಕುವ ಬೆಕ್ಕಿಗೂ ಇದೇ ಪರೀಕ್ಷೆ. ಬೆಕ್ಕು ಹೂಮಾಲೆಯ ದಾರ ನುಂಗಿ, ತುದಿ ಬಾಯಿಂದಲೋ ಹಿಂದಿನಿಂದಲೋ ಜೋತಾಡುತ್ತಿದ್ದರೆ ಎಳೆಯಲೇಬೇಡಿ. ಒಳಗೆ ಕರುಳು ನೆರಿಗೆ ಕಟ್ಟಿ ದಾರಕ್ಕೆ ಕೊಯ್ದುಹೋಗುತ್ತದೆ. ತುದಿಯನ್ನು ಹಾಗೆಯೇ ಬಿಟ್ಟು ಆಸ್ಪತ್ರೆಗೆ ಒಯ್ಯಿರಿ.

ನೆನ್ನೆಯವರೆಗೆ ಸರಿಯಿದ್ದ ದನ ಅಥವಾ ನಾಯಿ ಇದ್ದಕ್ಕಿದ್ದಂತೆ ಕಟ್ಟಿಗೆ, ಕಲ್ಲು ಕಡಿಯುತ್ತ, ಜೊಲ್ಲು ಸುರಿಸುತ್ತ, ದನಿ ಬದಲಾಗಿ ಕೂಗುತ್ತಿದ್ದರೆ ಅದು ಹುಚ್ಚುನಾಯಿ ರೋಗ ಇರಬಹುದು. ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕುವುದು ನಮ್ಮ ಹಳ್ಳಿಗಳಲ್ಲಿ ಆಗುವ ಅತಿ ದೊಡ್ಡ ತಪ್ಪು. ದೂರ ಕಟ್ಟಿ, ಆ ಹಾಲು ಬಳಸುವುದನ್ನು ನಿಲ್ಲಿಸಿ, ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಕೈ ಹಾಕಿಬಿಟ್ಟಿದ್ದರೆ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿಸಿಕೊಳ್ಳಿ.